ಪಾಲಿಹೌಸ್ ಒಳಗೆ ಗಾಳಿ ಆಡ್ತಿಲ್ಲ, ಫ್ಯಾನ್ ಬೇಕಾ?

ಪ್ರಶ್ನೆ: 10 ಗುಂಟೆ ಪಾಲಿಹೌಸ್ (ಪ್ಲಾಸ್ಟಿಕ್ ಹೊದಿಸಿದ ಬೆಳೆಮನೆ), ದಪ್ಪಮೆಣಸಿನಕಾಯಿ. ರಾತ್ರಿ ಪಕ್ಕದ ಪರದೆ ಪೂರ್ತಿ ಮುಚ್ತೀವಿ. ಬೆಳಗ್ಗೆ ಪ್ಲಾಸ್ಟಿಕ್‌ನಿಂದ ಹನಿ ಬಿದ್ದು ಎಲೆ ಕೊಳೀತಿದೆ.

ಉತ್ತರ 1: ಮೊದಲು ಪಕ್ಕದ ಕೀಟ ತಡೆಯೋ ಬಲೆ ನೋಡಿ ಸರ್. 40 ಮೆಶ್ (ಇಂಚಿಗೆ 40 ಕಣ್ಣು) ಬಲೆಗೆ ಧೂಳು ಕೂತ್ರೆ ಗಾಳಿ ನುಗ್ಗಲ್ಲ. ಒಳಗಿನಿಂದ ಹೊರಕ್ಕೆ ನೀರು ಹೊಡೆದು ತೊಳೀರಿ. ಬೆಳಕು ಹರಿಯೋ ಹೊತ್ತಿಗೇ ಪರದೆ ಒಂದಡಿ ಎತ್ತಿ. ತಡವಾದ್ರೆ ಗಾಳಿ ಬೇಗ ಬಿಸಿಯಾಗುತ್ತೆ, ಇನ್ನೂ ತಣ್ಣಗಿರೋ ಕಾಯಿ ಮೇಲೆ ತೇವ ಕೂರುತ್ತೆ.

ಉತ್ತರ 2: ಒಳಗೆ ಗಾಳಿ ತಿರುಗಿಸೋ ಫ್ಯಾನ್ ಗಾಳಿ ಕಲಸುತ್ತೆ ಅಷ್ಟೆ, ತೇವ ಹೊರಗೆ ಹಾಕಲ್ಲ. ಹಾಕಿಸಲೇಬೇಕು ಅಂದ್ರೆ ನೆಲದ ಚದರಡಿಗೆ ನಿಮಿಷಕ್ಕೆ 2 ಘನ ಅಡಿ ಲೆಕ್ಕ, ನಿಮ್ಮ 10 ಗುಂಟೆಗೆ (10,890 ಚದರಡಿ) ಎಲ್ಲಾ ಫ್ಯಾನ್ ಸೇರಿ ನಿಮಿಷಕ್ಕೆ 22,000 ಘನ ಅಡಿ ಹತ್ತಿರ. ಗಿಡದ ತುದಿಗಿಂತ ಮೇಲೆ ಕಟ್ಟಿ.

ಉತ್ತರ 3: ಸಂಜೆ ಡ್ರಿಪ್ ಬಿಡ್ತಿದ್ರೆ ನಿಲ್ಲಿಸಿ, ಬೆಳಗ್ಗೆ ಬಿಡಿ. ಬುಡದ ಹಳದಿ ಎಲೆ ತೆಗೀರಿ.