ಹೈಸ್ಕೂಲ್ ಸಾಕರ್‌ಗೆ ರೆಫರಿಗಳು ಸಿಗುತ್ತಿಲ್ಲ: ಸಂಭಾವನೆ ಏರಿಸಬೇಕೋ, ವೇಳಾಪಟ್ಟಿ ಬದಲಿಸಬೇಕೋ?

ಕಾರ್ನರ್‌ಬಾವುಟ ಕೇಳಿದ್ದು:

ಅಮೆರಿಕದ ಈಶಾನ್ಯ ಭಾಗದ 8 ಹೈಸ್ಕೂಲುಗಳ ಒಂದು ಕಾನ್ಫರೆನ್ಸ್ (ತಮ್ಮತಮ್ಮಲ್ಲೇ ಆಡುವ ಶಾಲೆಗಳ ಗುಂಪು). ಹುಡುಗರದೂ ಹುಡುಗಿಯರದೂ ಸಾಕರ್ (ಫುಟ್‌ಬಾಲ್) ಫಾಲ್ ಸೀಸನ್, ಅಂದರೆ ಶರತ್ಕಾಲದಲ್ಲಿ. ಮಂಗಳವಾರ ಮತ್ತು ಗುರುವಾರ ಸಂಜೆ 4.30ಕ್ಕೆ ಎಲ್ಲ ಪಂದ್ಯಗಳೂ ಶುರು, ವಾರ್ಸಿಟಿ (ಶಾಲೆಯ ಮುಖ್ಯ ತಂಡ) ಒಂದು ಮೈದಾನದಲ್ಲಿ, ಜೆವಿ (ಜೂನಿಯರ್ ವಾರ್ಸಿಟಿ, ಅದರ ಕೆಳಗಿನ ತಂಡ) ಪಕ್ಕದ ಮೈದಾನದಲ್ಲಿ. ಜೆವಿಗೆ ಒಬ್ಬರೇ ರೆಫರಿ ಬರುವುದು ಮಾಮೂಲಾಗಿದೆ, ಕೆಲವು ಪಂದ್ಯಗಳು ರದ್ದೂ ಆಗುತ್ತಿವೆ. ಮುಂದಿನ ಸಭೆಯಲ್ಲಿ ಮೂರು ಸಲಹೆಗಳು ಚರ್ಚೆಗೆ ಬರಲಿವೆ: ಪಂದ್ಯಕ್ಕೆ 10 ಡಾಲರ್ ಹೆಚ್ಚು ಕೊಡುವುದು, ಹುಡುಗಿಯರ ಸೀಸನ್ನನ್ನು ವಸಂತಕ್ಕೆ ಸಾಗಿಸುವುದು, ವಾರ್ಸಿಟಿಯಲ್ಲಿ ಮೂವರ ಬದಲು ಇಬ್ಬರೇ ರೆಫರಿಗಳನ್ನು ಹಾಕುವುದು. ಇವುಗಳಲ್ಲಿ ನಿಜವಾಗಿ ಕೆಲಸಕ್ಕೆ ಬರುವುದು ಯಾವುದು? ಬೇರೆ ದಾರಿ ಇದ್ದರೆ ಅದನ್ನೂ ತಿಳಿಸಿ.

ಎರಡನೇಸೀಟಿ:

ಆ ಮೂರು ಸಲಹೆಗಳಿಗಿಂತ ಮೊದಲು ನಿಮ್ಮ ಪ್ರಶ್ನೆಯಲ್ಲೇ ಇರುವ ಆ "4.30" ಕಡೆ ನೋಡಿ. ರೋಗ ಅಲ್ಲಿದೆ.

8 ಶಾಲೆ ಅಂದರೆ ಒಂದು ದಿನಕ್ಕೆ 4 ಹುಡುಗರ ವಾರ್ಸಿಟಿ, 4 ಹುಡುಗಿಯರ ವಾರ್ಸಿಟಿ, 8 ಜೆವಿ, ಒಟ್ಟು 16 ಪಂದ್ಯ. ವಾರ್ಸಿಟಿಗೆ ಮೂವರಂತೆ 24, ಜೆವಿಗೆ ಇಬ್ಬರಂತೆ 16. ಒಂದೇ ಹೊತ್ತಿಗೆ 40 ಜನ ಬೇಕು! ಸೋಮವಾರ, ಬುಧವಾರ ಅದೇ ರೆಫರಿಗಳು ಮನೆಯಲ್ಲಿ ಖಾಲಿ ಕೂತಿರುತ್ತಾರೆ. ಸುತ್ತಲಿನ ಕಾನ್ಫರೆನ್ಸ್‌ಗಳೂ ಮಂಗಳವಾರ, ಗುರುವಾರವೇ ಆಡಿದರೆ ಎಲ್ಲರೂ ಒಂದೇ ಬಾವಿಗೆ ಒಂದೇ ಹೊತ್ತಿಗೆ ಕೊಡ ಇಳಿಸಿದ ಹಾಗೆ. ಹಾಗಾಗಿ ಪಟ್ಟಿಯಲ್ಲಿ ಒಟ್ಟು ಎಷ್ಟು ರೆಫರಿಗಳಿದ್ದಾರೆ ಎಂಬ ಲೆಕ್ಕದಿಂದ ಏನೂ ತಿಳಿಯುವುದಿಲ್ಲ. ಕಳೆದ ಸೀಸನ್ನಿನಲ್ಲಿ ಯಾವ ವಾರ, ಯಾವ ಗಂಟೆಗೆ ಎಷ್ಟು ಜನ ಕಡಿಮೆ ಬಿದ್ದರು ಎಂಬ ಪಟ್ಟಿಯನ್ನು ಅಸೈನರ್ (ಪಂದ್ಯಗಳಿಗೆ ರೆಫರಿಗಳನ್ನು ಹಂಚುವವರು) ಹತ್ತಿರ ಕೇಳಿ ಪಡೆಯಿರಿ. ಆರ್ಬಿಟರ್ ಎಂಬ ರೆಫರಿ ಹಂಚಿಕೆಯ ಸಾಫ್ಟ್‌ವೇರ್ ಬಳಸುವ ಕಡೆ ಆ ಮಾಹಿತಿ ಈಗಾಗಲೇ ಅದರಲ್ಲಿ ಇರುತ್ತದೆ.

ಇನ್ನು ಜೋಡಣೆ. ಹುಡುಗರಿಗೆ ಸೋಮ-ಬುಧ, ಹುಡುಗಿಯರಿಗೆ ಮಂಗಳ-ಗುರು. ಜೆವಿ ಮೊದಲು, ವಾರ್ಸಿಟಿ ಆಮೇಲೆ, ಒಂದೇ ಮೈದಾನದಲ್ಲಿ, ಅದೇ ಮೂವರು ರೆಫರಿಗಳು. ದಿನಕ್ಕೆ 4 ಮೈದಾನ, 12 ಜನ ಸಾಕು. ಆದರೆ ಇಲ್ಲೊಂದು ಎಚ್ಚರ: ಎರಡೂ ಪಂದ್ಯಗಳಲ್ಲಿ ಒಬ್ಬರೇ ನಡುಮೈದಾನದಲ್ಲಿ ಓಡಬಾರದು. ಜೆವಿಯಲ್ಲಿ ಸೆಂಟರ್ (ನಡುವೆ ಓಡುವ ಮುಖ್ಯ ರೆಫರಿ) ಇದ್ದವರು ವಾರ್ಸಿಟಿಯಲ್ಲಿ ಅಂಚಿನಲ್ಲಿ ಬಾವುಟ ಹಿಡಿಯಲಿ. ಇಲ್ಲದಿದ್ದರೆ ಮೂರನೇ ವಾರಕ್ಕೆ ಕಾಲು ನೋವಿನ ರಜೆಗಳು ಶುರುವಾಗುತ್ತವೆ. ಅದೇ 12 ಜನ ನಾಲ್ಕೂ ದಿನ ಬರುತ್ತಾರೆ ಎಂದೂ ಎಣಿಸಬೇಡಿ. 20–22 ಜನ ಕೈಯಲ್ಲಿದ್ದರೆ ಪಾಳಿ ಹಾಕಬಹುದು.

ಲೆಕ್ಕದಪುಸ್ತಕ:

ಸಂಭಾವನೆಯ ವಿಷಯ. ರಾಜ್ಯ ಸಂಸ್ಥೆ ಅಥವಾ ಲೀಗ್ ನಿಗದಿ ಮಾಡುವ ಮೊತ್ತ ಊರಿಂದೂರಿಗೆ ಬೇರೆ, ಆದ್ದರಿಂದ ಲೆಕ್ಕಕ್ಕೆಂದು ವಾರ್ಸಿಟಿಗೆ 80 ಡಾಲರ್, ಜೆವಿಗೆ 60 ಎಂದಿಟ್ಟುಕೊಳ್ಳಿ. ಮನೆಯಿಂದ ಮೈದಾನಕ್ಕೆ 15 ಮೈಲು.

4.30ರ ಒಂದೇ ಪಂದ್ಯಕ್ಕೆ 3.30ಕ್ಕೆ ಹೊರಟರೆ 4ಕ್ಕೆ ತಲುಪಬಹುದು. 40 ನಿಮಿಷದ ಎರಡು ಅವಧಿ, 10 ನಿಮಿಷ ವಿರಾಮ, ಗೋಲು, ಪೆನಾಲ್ಟಿ, ಕಾರ್ಡ್‌ಗಳಿಗೆ ಗಡಿಯಾರ ನಿಲ್ಲುವ ಸಮಯ ಎಲ್ಲ ಸೇರಿ 6.05ಕ್ಕೆ ಮುಗಿಯುತ್ತದೆ. ಮನೆ ಸೇರುವಾಗ 6.50. ಐಆರ್‌ಎಸ್ (ಅಮೆರಿಕದ ತೆರಿಗೆ ಇಲಾಖೆ) ಕಾರಿನ ಖರ್ಚಿಗೆಂದು ಇಟ್ಟ 2025ರ ದರ ಮೈಲಿಗೆ 70 ಸೆಂಟ್, 30 ಮೈಲಿಗೆ 21 ಡಾಲರ್ ಕಾರಿಗೆ ಹೋಯಿತು. ಉಳಿದ 59 ಡಾಲರನ್ನು ಮೂರೂ ಕಾಲು ಗಂಟೆ ಚಿಲ್ಲರೆಗೆ ಹಂಚಿದರೆ ಗಂಟೆಗೆ 18 ಡಾಲರಿನ ಒಳಗೇ. ಕಚೇರಿಯಿಂದ ಬೇಗ ಹೊರಡಲು ಕಳೆದುಕೊಂಡ ರಜೆ ಇದರಲ್ಲಿ ಸೇರಿಲ್ಲ.

ಈಗ ಎರಡನೇಸೀಟಿ ಹೇಳಿದ ಜೋಡಿ ಪಂದ್ಯ. ಜೆವಿಯನ್ನು 30 ನಿಮಿಷದ ಅವಧಿಗಳಿಗೆ ಇಳಿಸಿ 4ಕ್ಕೆ ಶುರು ಮಾಡಿದರೆ 5.10ರ ಸುಮಾರಿಗೆ ಮುಗಿಯುತ್ತದೆ, ವಾರ್ಸಿಟಿ 5.30ರಿಂದ 7.05. ರೆಫರಿ 3ಕ್ಕೆ ಹೊರಟು 7.50ಕ್ಕೆ ಮನೆ. 140ರಲ್ಲಿ 21 ಕಳೆದು 119, ಗಂಟೆಗೆ ಹತ್ತಿರ ಹತ್ತಿರ 25 ಡಾಲರ್. ದರ ಒಂದು ಡಾಲರೂ ಏರಿಸದೆ ಇಷ್ಟು ಸಿಗುತ್ತದೆ. ನೀವು ಹೇಳುವ 10 ಡಾಲರ್ ಏರಿಕೆ ಒಂಟಿ ಪಂದ್ಯದಲ್ಲಿ ಗಂಟೆಗೆ 3 ಡಾಲರ್ ಮಾತ್ರ ಕೂಡಿಸುತ್ತದೆ, ಪಕ್ಕದ ಕಾನ್ಫರೆನ್ಸ್ ಮುಂದಿನ ವರ್ಷ ಅಷ್ಟೇ ಏರಿಸಿದರೆ ಅದೂ ಕರಗಿತು. ವಾರಾಂತ್ಯದ ಕ್ಲಬ್ ಪಂದ್ಯಗಳು ರೆಫರಿಗಳನ್ನು ಸೆಳೆಯುವುದು ಇದೇ ಕಾರಣಕ್ಕೆ: ಒಂದು ಸಲ ಕಾರು ನಿಲ್ಲಿಸಿದರೆ ಮೂರು ಪಂದ್ಯ.

ಏರಿಸುವುದೇ ಬೇಡ ಎನ್ನುತ್ತಿಲ್ಲ. ಆದರೆ ಅದೇ ದುಡ್ಡನ್ನು ಮೊದಲು ಎರಡು ಕಡೆ ಹಾಕಿ. ಒಂದು, ಹಣ ಒಂದು ವಾರದೊಳಗೆ ಖಾತೆಗೆ ಬೀಳಲಿ. ಶಾಲಾ ಜಿಲ್ಲೆಯ (ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಸಂಸ್ಥೆ) ಚೆಕ್ಕಿಗಾಗಿ ಆರು ವಾರ ಕಾಯಿಸಿದರೆ ಮರುವರ್ಷ ಅವರು ಬರುವುದಿಲ್ಲ. ಎರಡು, ರೆಫರಿ ಮೈದಾನಕ್ಕೆ ಬಂದ ಮೇಲೆ ಮಳೆಗೆ ಪಂದ್ಯ ನಿಂತರೆ ಅರ್ಧವನ್ನಾದರೂ ಕೊಡುತ್ತೇವೆಂದು ಲಿಖಿತವಾಗಿ ಬರೆಯಿರಿ. ಹೊಸಬರಿಗೆ ತೆರಿಗೆಯ ಮಾತನ್ನೂ ಮೊದಲೇ ಹೇಳಬೇಕು: ರೆಫರಿಗಳನ್ನು ಸಾಮಾನ್ಯವಾಗಿ ಸ್ವತಂತ್ರ ಗುತ್ತಿಗೆದಾರರೆಂದೇ ಪರಿಗಣಿಸುತ್ತಾರೆ, ನಿವ್ವಳ ಆದಾಯ ವರ್ಷಕ್ಕೆ 400 ಡಾಲರ್ ಮುಟ್ಟಿದರೆ ಸ್ವ-ಉದ್ಯೋಗ ತೆರಿಗೆ ಬೀಳುತ್ತದೆ. ತೆರಿಗೆ ಸಲ್ಲಿಸುವ ಏಪ್ರಿಲ್‌ನಲ್ಲಿ ಗೊತ್ತಾದರೆ ಮೋಸ ಹೋದಂತೆ ಅನ್ನಿಸುತ್ತದೆ.

ನಡುಗೆರೆ:

ಹುಡುಗಿಯರನ್ನು ವಸಂತಕ್ಕೆ ಸಾಗಿಸುವ ಸಲಹೆಯನ್ನು ದಯವಿಟ್ಟು ಸಭೆಗೆ ಮುನ್ನವೇ ಕೈಬಿಡಿ. ಮಿಷಿಗನ್, ಇಲಿನಾಯ್, ವಿಸ್ಕಾನ್ಸಿನ್, ಮಿಸೌರಿಗಳಲ್ಲಿ ಹುಡುಗರು ಫಾಲ್‌ನಲ್ಲಿ, ಹುಡುಗಿಯರು ವಸಂತದಲ್ಲಿ ಆಡುತ್ತಾರೆ ನಿಜ, ಟೆನಿಸಿಯಲ್ಲಿ ಅದರ ತಿರುಗುಮುರುಗು. ಅಲ್ಲಿ ಇಡೀ ರಾಜ್ಯವೇ ಹಾಗೆ ಆಡುತ್ತದೆ, ರಾಜ್ಯ ಚಾಂಪಿಯನ್‌ಶಿಪ್ಪೂ ಅದೇ ಋತುವಿನಲ್ಲಿ. ಒಂದು ಶಾಲಾ ಜಿಲ್ಲೆಯೋ ಕಾನ್ಫರೆನ್ಸೋ ತಾನಾಗಿ ಸಾಗಿಸಿದರೆ ಏನಾಗುತ್ತದೆ ಎಂಬುದಕ್ಕೆ ನ್ಯೂಯಾರ್ಕ್‌ನ ಮಮಾರೊನೆಕ್ ಪ್ರಕರಣವಿದೆ. ಅಲ್ಲಿ ಎರಡು ಶಾಲಾ ಜಿಲ್ಲೆಗಳು ಹುಡುಗಿಯರ ಸಾಕರನ್ನು ವಸಂತದಲ್ಲಿ ಇಟ್ಟಿದ್ದವು, ರಾಜ್ಯ ಚಾಂಪಿಯನ್‌ಶಿಪ್ ಫಾಲ್‌ನಲ್ಲಿತ್ತು. ಹುಡುಗರಿಗೆ ಆ ಅವಕಾಶ ಇತ್ತು, ಹುಡುಗಿಯರಿಗೆ ಇರಲಿಲ್ಲ. 2004ರಲ್ಲಿ ಸೆಕೆಂಡ್ ಸರ್ಕಿಟ್ ಫೆಡರಲ್ ಮೇಲ್ಮನವಿ ನ್ಯಾಯಾಲಯ ಇದು ಟೈಟಲ್ ನೈನ್ (ಶಿಕ್ಷಣದಲ್ಲಿ ಲಿಂಗ ತಾರತಮ್ಯ ನಿಷೇಧಿಸುವ ಕಾನೂನು) ಉಲ್ಲಂಘನೆ ಎಂದಿತು. ರೆಫರಿ ಕೊರತೆಯ ಭಾರವನ್ನು ಹುಡುಗಿಯರ ಮೇಲೆ ಹೊರಿಸುವುದು ಕಾನೂನಿಗೂ ಸಲ್ಲದು, ನ್ಯಾಯವೂ ಅಲ್ಲ.

ವಾರದ ದಿನ ಹಂಚುವಾಗಲೂ ಇದನ್ನೇ ನೆನಪಿಡಿ. ದೀಪವಿರುವ ಮೈದಾನದ ಸಂಜೆಗಳು ಹುಡುಗರಿಗೂ ಹುಡುಗಿಯರಿಗೂ ಸಮವಾಗಿ ಸಿಗಬೇಕು.

ಕಾರ್ನರ್‌ಬಾವುಟ:

ಎಲ್ಲರಿಗೂ ಧನ್ಯವಾದ. ದೀಪದ ಮಾತು ಬಂದಿದ್ದರಿಂದ ಕೇಳುತ್ತೇನೆ: 8ರಲ್ಲಿ 3 ಶಾಲೆಗಳಲ್ಲಿ ಮಾತ್ರ ದೀಪಗಳಿವೆ. ಉಳಿದ 5ರಲ್ಲಿ ಜೋಡಿ ಪಂದ್ಯ ಹೇಗೆ? ಇಬ್ಬರು ರೆಫರಿಗಳ ವ್ಯವಸ್ಥೆ ಬಗ್ಗೆಯೂ ಯಾರಾದರೂ ಹೇಳಿ.

ಎರಡನೇಸೀಟಿ:

ದೀಪವಿಲ್ಲದ ಕಡೆ ಜೆವಿ 3.45ಕ್ಕೆ, ವಾರ್ಸಿಟಿ 5.05ಕ್ಕೆ. 6.40ಕ್ಕೆ ಮುಗಿಯುತ್ತದೆ. ನ್ಯೂಯಾರ್ಕ್ ಸುತ್ತಮುತ್ತ ಸೆಪ್ಟೆಂಬರ್ ಕೊನೆಗೆ ಸೂರ್ಯ ಮುಳುಗುವುದೂ ಹೆಚ್ಚುಕಡಿಮೆ ಅದೇ ಹೊತ್ತಿಗೆ, ಅಕ್ಟೋಬರ್ ಮಧ್ಯಕ್ಕೆ 6.15ರ ಆಸುಪಾಸು. ಅಂದರೆ ಸೆಪ್ಟೆಂಬರ್ ಮುಗಿಯುವವರೆಗೆ ಮಾತ್ರ ಇದು ನಡೆಯುತ್ತದೆ. ಆದ್ದರಿಂದ ದೀಪವಿಲ್ಲದ ಐದು ಶಾಲೆಗಳ ತವರಿನ ಪಂದ್ಯಗಳನ್ನು ಆದಷ್ಟೂ ಸೆಪ್ಟೆಂಬರ್‌ಗೆ ತನ್ನಿ, ದೀಪವಿರುವ ಮೂರರದ್ದು ಅಕ್ಟೋಬರ್‌ಗೆ ಇರಲಿ. ಎಲ್ಲವೂ ಹಾಗೆ ಹೊಂದುವುದಿಲ್ಲ, ಉಳಿದದ್ದಕ್ಕೆ 4 ಗಂಟೆಗೆ ವಾರ್ಸಿಟಿ ಒಂದೇ ಇಟ್ಟು ಜೆವಿ ಸೀಸನ್ನನ್ನು ಬೇಗ ಮುಗಿಸಿಬಿಡಿ. ಜೆವಿಯನ್ನು ಶನಿವಾರಕ್ಕೆ ತಳ್ಳಬೇಡಿ, ಅಂದು ರೆಫರಿಗಳು ಕ್ಲಬ್ ಪಂದ್ಯಗಳಲ್ಲಿರುತ್ತಾರೆ. ದೀಪದ ಮೈದಾನ ಕಾದಿರಿಸುವ ಮೊದಲು ಅದೇ ಮೈದಾನ ಬಳಸುವ ಮಾರ್ಚಿಂಗ್ ಬ್ಯಾಂಡ್ (ಶಾಲೆಯ ವಾದ್ಯ ತಂಡ) ಅಭ್ಯಾಸದ ದಿನಗಳನ್ನು ಕೇಳಿಕೊಳ್ಳಿ. ಹೆಚ್ಚಿನ ಯೋಜನೆಗಳು ಕೆಡುವುದು ಅಲ್ಲೇ.

ನಡುಗೆರೆ:

ಇಬ್ಬರ ವ್ಯವಸ್ಥೆಗೆ ಎನ್‌ಎಫ್‌ಎಚ್‌ಎಸ್ (ಹೈಸ್ಕೂಲ್ ಆಟಗಳ ರಾಷ್ಟ್ರೀಯ ಸಂಸ್ಥೆ) ನಿಯಮಗಳಲ್ಲಿ ಅವಕಾಶವಿದೆ, ಇಬ್ಬರಿಗೂ ಸೀಟಿ, ಬಾವುಟ ಇಲ್ಲ. ಯುಎಸ್ ಸಾಕರ್ (ಅಮೆರಿಕದ ಫುಟ್‌ಬಾಲ್ ಒಕ್ಕೂಟ) ಅಡಿಯ ಕ್ಲಬ್ ಪಂದ್ಯಗಳಲ್ಲಿ ಇಲ್ಲ. ತೊಂದರೆ ಇರುವುದು ಆಫ್‌ಸೈಡಿನಲ್ಲಿ (ಚೆಂಡು ಒದೆಯುವಾಗ ರಕ್ಷಕರ ಸಾಲು ದಾಟಿ ನಿಂತಿರುವ ತಪ್ಪು). ಮುಂದಿರುವ ರೆಫರಿ ಕೊನೆಯಿಂದ ಎರಡನೇ ರಕ್ಷಕನ ಸಾಲಿನಲ್ಲೇ ಇರಬೇಕು, ಹಾಗಿದ್ದರೆ ನಡುಮೈದಾನದ ಫೌಲ್ ಅವರಿಗೆ ದೂರ. ಫೌಲ್ ನೋಡಲು ಒಳಗೆ ಬಂದರೆ ಸಾಲು ತಪ್ಪಿತು. ವೇಗದ ಪ್ರತಿದಾಳಿ ಆದಾಗಲೆಲ್ಲ ಒಂದು ತಪ್ಪಿಗೆ ಜಾಗ ಇದ್ದೇ ಇದೆ, ಆ ಒಂದು ತಪ್ಪಿಗೆ ಅಂಚಿನಿಂದ ಬೈಗುಳ. ಜೆವಿಗೆ ಇಬ್ಬರು ಸಾಕು. ವಾರ್ಸಿಟಿಯಲ್ಲಿ ಹೀಗೆ ಮಾಡಿದರೆ ಇರುವ ರೆಫರಿಗಳೂ ಬೇಸತ್ತು ಬಿಡುತ್ತಾರೆ.

ಬೈಗುಳ ಸಣ್ಣ ವಿಷಯವಲ್ಲ. 2018–19ರ ನಂತರದ ಮೂರು ವರ್ಷಗಳಲ್ಲಿ ಎಲ್ಲ ಆಟಗಳೂ ಸೇರಿ ಸುಮಾರು 50,000 ಹೈಸ್ಕೂಲ್ ಅಫಿಶಿಯಲ್‌ಗಳು ಬಿಟ್ಟುಹೋದರೆಂದು ಎನ್‌ಎಫ್‌ಎಚ್‌ಎಸ್ ಹೇಳಿತ್ತು. ಕೋವಿಡ್ ಒಂದು ಕಾರಣ, ಜನರ ನಡವಳಿಕೆ ಇನ್ನೊಂದು. ಯುಎಸ್ ಸಾಕರ್ 2025ರ ಮಾರ್ಚ್ 1ರಿಂದ ರೆಫರಿ ನಿಂದನೆಗೆ ಕಠಿಣ ಶಿಕ್ಷೆಗಳನ್ನು ತಂದಿದೆ, ಆದರೆ ಹೈಸ್ಕೂಲ್ ಪಂದ್ಯಗಳು ಅದರ ವ್ಯಾಪ್ತಿಗೆ ಬರುವುದಿಲ್ಲ. ಇಲ್ಲಿ ಶಾಲೆಯೇ ಹೊಣೆ. ಪ್ರತಿ ಪಂದ್ಯಕ್ಕೂ, ಜೆವಿಗೂ ಸಹ, ಹೆಸರು ಗೊತ್ತುಮಾಡಿದ ಒಬ್ಬ ಗೇಮ್ ಅಡ್ಮಿನಿಸ್ಟ್ರೇಟರ್ ಇರಬೇಕು. ರೆಫರಿ ಬಂದಾಗ ಅವರು ಹೋಗಿ ಪರಿಚಯ ಹೇಳಿಕೊಳ್ಳಲಿ, ಆಟದ ವೇಳೆ ಪೋಷಕರ ಕಡೆಯ ಅಂಚಿನಲ್ಲೇ ನಿಲ್ಲಲಿ, ಮುಗಿದ ಮೇಲೆ ಕಾರಿನವರೆಗೆ ಜೊತೆಗೆ ಹೋಗಲಿ. ಹೊಸ ರೆಫರಿಯನ್ನು ಮೊದಲ ಸೀಸನ್ನಿನಲ್ಲಿ ಒಂಟಿಯಾಗಿ ಕಳಿಸಲೇಬೇಡಿ. ಜೋಡಿ ಪಂದ್ಯ ಇಲ್ಲೂ ನೆರವಾಗುತ್ತದೆ: ಜೆವಿಯಲ್ಲಿ ಹೊಸಬರು ಸೆಂಟರ್, ಅನುಭವಿ ಬಾವುಟದಲ್ಲಿ, ವಿರಾಮದಲ್ಲಿ ಎರಡು ಮಾತು ತಿದ್ದುವುದು.

ಲೆಕ್ಕದಪುಸ್ತಕ:

ಒಂದು ಮಾತು ಬಿಟ್ಟುಹೋಯಿತು. ಸಭೆ ವಸಂತದ ಕೊನೆಗಿದ್ದರೆ ತಡವಾಯಿತು, ಅಷ್ಟರಲ್ಲಿ ಬಸ್ಸು, ಮೈದಾನ, ಕಾನ್ಫರೆನ್ಸೇತರ ಪಂದ್ಯಗಳೆಲ್ಲ ನಿಗದಿಯಾಗಿರುತ್ತವೆ. ಚಳಿಗಾಲದಲ್ಲೇ ಅಥ್ಲೆಟಿಕ್ ಡೈರೆಕ್ಟರ್‌ಗಳ (ಶಾಲೆಗಳ ಕ್ರೀಡಾ ಮುಖ್ಯಸ್ಥರು) ಜೊತೆ ಅಸೈನರನ್ನೂ ಕೂರಿಸಿ, ಕರಡು ವೇಳಾಪಟ್ಟಿ ಅವರ ಕೈಗೆ ಹೋಗಿ ಬಂದ ಮೇಲೆ ಮತಕ್ಕೆ ಹಾಕಿ.