ಪದಚರ್ಚೆ: ಫೋಟೋದಲ್ಲಿ ಬೇಕೆಂದೇ ಬಿಟ್ಟ ಜಾಗಕ್ಕೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಧಾರವಾಡದಲ್ಲಿ ನಾವು ಕೆಲವರು ಭಾನುವಾರ ಬೆಳಿಗ್ಗೆ ಸೇರಿ ಮೊಬೈಲಿನಲ್ಲೇ ಫೋಟೋ ತೆಗೆಯುವುದನ್ನು ಕಲಿಯುತ್ತೇವೆ. ಹಂಪಿ, ದಾಂಡೇಲಿ ಅಂತ ಎಲ್ಲೂ ಹೋಗುವುದಿಲ್ಲ. ಮನೆಯ ಸ್ಟೀಲ್ ಲೋಟ, ಓಣಿಯಲ್ಲಿ ನಿಂತ ಸೈಕಲ್, ಪೇಪರ್ ಮೇಲೆ ಹಾಕಿಕೊಟ್ಟ ಗಿರ್ಮಿಟ್, ಇಷ್ಟೇ. ಎದುರಿಗಿರುವುದು ಸಾದಾ ವಸ್ತುವಾದರೆ ಫೋಟೋ ಚೆಂದ ಬಂದದ್ದು ಚೌಕಟ್ಟಿನೊಳಗೆ ಎಲ್ಲವನ್ನೂ ಕೂರಿಸಿದ ರೀತಿಯಿಂದ, ಅಂದರೆ ಕಂಪೋಸಿಷನ್‌ನಿಂದಲೇ ಅಂತ ಗೊತ್ತಾಗುತ್ತದೆ, ಅಲ್ವಾ? ಹೊಸದಾಗಿ ಬರುವವರಿಗೆ ಕೊಡೋಣ ಅಂತ ಕನ್ನಡದಲ್ಲಿ ಒಂದು ಟಿಪ್ಪಣಿ ಬರೆಯುತ್ತಿದ್ದೇನೆ. ಒಂದು ಪದ ಮಾತ್ರ ಕೈಗೆ ಸಿಗುತ್ತಿಲ್ಲ.

ಮಿಕ್ಕವು ಹೇಗೋ ಕೂತವು. ರೂಲ್ ಆಫ್ ಥರ್ಡ್ಸ್‌ಗೆ ‘ಮೂರು ಪಾಲಿನ ನಿಯಮ’ ಅಂದೆ. ಚೌಕಟ್ಟನ್ನು ಅಡ್ಡಕ್ಕೂ ಉದ್ದಕ್ಕೂ ಮೂರು ಪಾಲು ಮಾಡಿ, ಮುಖ್ಯವಾದದ್ದನ್ನು ಆ ಗೆರೆಗಳ ಮೇಲೆ ಕೂರಿಸುವುದು. ‘ತೃತೀಯಾಂಶ ನಿಯಮ’ ಅಂದರೆ ಮೊದಲೇ ಅರ್ಧ ಜನ ಎದ್ದು ಹೋಗುತ್ತಾರೆ. ಹೊಲ, ಮನೆ ಹಂಚಿಕೊಂಡವರ ನಡುವೆ ಪಾಲು ಅಂದರೇನು ಅಂತ ಬಿಡಿಸಿ ಹೇಳಬೇಕಿಲ್ಲ. 1797ರಲ್ಲಿ ಇಂಗ್ಲೆಂಡಿನ ಜಾನ್ ಥಾಮಸ್ ಸ್ಮಿತ್ ಈ ಮಾತು ಬರೆದಾಗ ಕ್ಯಾಮರಾನೇ ಇರಲಿಲ್ಲ. ಅವನು ಹೇಳಿದ್ದೂ ಪಾಲಿನ ಲೆಕ್ಕವೇ: ಚಿತ್ರದಲ್ಲಿ ಆಕಾಶಕ್ಕೆ ಎರಡು ಪಾಲೋ, ಒಂದೋ ಅಂತ. ಮೊಬೈಲ್ ಪರದೆಯ ಗ್ರಿಡ್‌ಗೆ ಹುಡುಗರು ತಾವೇ ‘ಒಂಬತ್ತು ಮನಿ’ ಅಂದರು, ಚೌಕಾಬಾರದ ಮನೆಗಳ ಲೆಕ್ಕದಲ್ಲಿ. ಅದನ್ನೂ ಇಟ್ಟುಕೊಂಡೆ. ಲೀಡಿಂಗ್ ಲೈನ್ಸ್‌ಗೆ ‘ಎಳೆಯುವ ಗೆರೆ’, ನೋಡುವವರ ಕಣ್ಣನ್ನು ಚಿತ್ರದೊಳಗೆ ಎಳೆದೊಯ್ಯುವ ಗೆರೆ. ಹುಬ್ಬಳ್ಳಿ ಸ್ಟೇಷನ್ನಿನ 1507 ಮೀಟರ್ ಪ್ಲಾಟ್‌ಫಾರ್ಮಿನ ಹಳದಿ ಪಟ್ಟಿ ನೋಡಿದವರಿಗೆ ಅಷ್ಟು ಸಾಕು.

ತೊಡಕಿರುವುದು ನೆಗೆಟಿವ್ ಸ್ಪೇಸ್‌ನಲ್ಲಿ. ವಸ್ತುವಿನ ಸುತ್ತ ಬೇಕೆಂದೇ ಬಿಟ್ಟ ಖಾಲಿ ಜಾಗಕ್ಕೆ ಇಂಗ್ಲಿಷಿನಲ್ಲಿ ಹಾಗನ್ನುತ್ತಾರೆ. ಒಂದು ಫೋಟೋ ಹೇಳುತ್ತೇನೆ. ಸುಣ್ಣ ಬಳಿದ ಗೋಡೆ. ಮಳೆಗೆ ಸಿಡಿದ ಕೆಂಪುಮಣ್ಣು ಬುಡದಲ್ಲಿ ಮೊಳದಷ್ಟು ಎತ್ತರಕ್ಕೆ ಹತ್ತಿದೆ. ಎಡಗಡೆ ಕೆಳಮೂಲೆಯಲ್ಲಿ ಗೋಡೆಗೆ ಒರಗಿಸಿದ ಸೈಕಲ್. ಹ್ಯಾಂಡಲ್‌ಗೆ ಖಾಲಿ ಹಾಲಿನ ಚೀಲ. ಮಿಕ್ಕಿದ್ದೆಲ್ಲ ಬರೀ ಬಿಳಿ ಗೋಡೆ. ನೋಡಿದವರೊಬ್ಬರು, ‘ಇಷ್ಟ್ಯಾಕ್ರೀ ಗ್ವಾಡಿ? ಕಟ್ ಮಾಡ್ರಲಾ’ ಅಂದರು. ಕಟ್ ಮಾಡಿ ತೋರಿಸಿದೆವು. ಸೈಕಲ್ ದೊಡ್ಡದಾಯಿತು, ಮಾರಾಟಕ್ಕಿಟ್ಟ ಸೈಕಲ್ಲಿನ ಫೋಟೋ ಆಯಿತು. ಗೋಡೆ ಇದ್ದಾಗ ಯಾರೋ ಈಗ ಒಳಗೆ ಹೋಗಿದ್ದಾರೆ, ಇನ್ನೇನು ಬರುತ್ತಾರೆ ಅನ್ನಿಸುತ್ತಿತ್ತು. ಆ ಗೋಡೆಗೆ ಒಂದು ಹೆಸರು ಬೇಕು.

ಅಂತರ್ಜಾಲದಲ್ಲಿ ಒಂದು ಕಡೆ ‘ಋಣಾತ್ಮಕ ಅವಕಾಶ’ ಅಂತ ಕಂಡೆ. ದೇವರಾಣೆಗೂ ಬ್ಯಾಂಕಿನಲ್ಲಿ ಸಾಲ ಸಿಗುವ ಛಾನ್ಸ್ ಅನ್ನಿಸಿತು. ‘ಹಿನ್ನೆಲೆ’ ಸುಲಭ, ಆದರೆ ಹಿನ್ನೆಲೆ ಹಿಂದೆ ಮಾತ್ರ ಇರುತ್ತದೆ. ಈ ಜಾಗ ಪಕ್ಕದಲ್ಲೂ ಇರಬಹುದು, ಮುಂದೆ ಬರೀ ನೀರೋ ನೆಲವೋ ಆಗಿಯೂ ಇರಬಹುದು. ಸಾಲದ್ದಕ್ಕೆ ಸಂತೆಯಂಥ ಹಿನ್ನೆಲೆಯೂ ಹಿನ್ನೆಲೆಯೇ.

‘ಬಯಲು’ ನನಗೆ ತುಂಬ ಇಷ್ಟವಾಗಿತ್ತು. ವಚನಗಳಿಂದ ಬಂದ ತೂಕ ಅದಕ್ಕಿದೆ. ನವಲಗುಂದದ ಕಡೆ ಕಡಲೆ ಕಿತ್ತ ಎರೆಹೊಲ, ನಡುವೆ ಒಂಟಿ ಜಾಲಿಮರ, ಅಂಥ ಫೋಟೋಕ್ಕೆ ಹೇಳಿ ಮಾಡಿಸಿದ ಪದ. ಗೋಡೆಗೆ ಬಯಲು ಅನ್ನೋದು ಹೇಗೆ? ಮತ್ತೆ ನಮ್ಮ ಕಡೆ ಬಯಲಕಡೆ ಹೋಗುವುದು ಅಂದರೆ ಬೇರೆಯೇ ಕೆಲಸ. ಕ್ಲಾಸಿನಲ್ಲಿ ‘ಬಯಲು ಜಾಸ್ತಿ ಬಿಡಿ’ ಅಂದ ಕೂಡಲೇ ಹಿಂದಿನ ಸಾಲು ನಗಲು ಶುರು.

‘ಖುಲ್ಲಾ ಜಾಗಾ’ ಆಡುಮಾತಿಗೆ ಸರಿ. ಅದರಲ್ಲೊಂದು ಕೊರತೆ ಇದೆ. ಖುಲ್ಲಾ, ಖಾಲಿ, ಬರಿದು, ಇವೆಲ್ಲ ಏನೂ ಇಲ್ಲ ಅನ್ನುತ್ತವೆ. ಯಾರೋ ಬೇಕೆಂದೇ ಇಟ್ಟಿದ್ದು ಅನ್ನುವುದಿಲ್ಲ. ಡೆನ್ಮಾರ್ಕಿನ ಎಡ್ಗರ್ ರೂಬಿನ್ 1915ರಲ್ಲಿ ಪ್ರಕಟಿಸಿದ ಹೂಜಿಯ ಚಿತ್ರ ನೋಡಿರುತ್ತೀರಿ. ಹೂಜಿಯನ್ನೇ ನೋಡುತ್ತಿದ್ದರೆ ಅದರ ಎರಡೂ ಬದಿಯ ಖಾಲಿ ಜಾಗ ತಟ್ಟನೆ ಎದುರುಬದುರಾದ ಎರಡು ಮುಖಗಳಾಗುತ್ತದೆ. ಖಾಲಿಗೂ ಆಕಾರ ಇರುತ್ತದೆ. ಪದ ಅದನ್ನು ಹೇಳಬೇಕು.

ಸ್ಟುಡಿಯೋದವರ ಮಾತು ಕೇಳಿದರೆ ದಾರಿ ಸಿಗುತ್ತದೆ ಅನ್ನಿಸುತ್ತದೆ. ‘ತಲಿ ಮ್ಯಾಲೆ ಜಾಗಾ ಬಿಡು’, ‘ನೋಡೋ ಕಡೆ ಜಾಗಾ ಬಿಡು’ ಅನ್ನುತ್ತಾರೆ. ಬಿಡು ಅನ್ನುವ ಈ ಕ್ರಿಯಾಪದವೇ ಮುಖ್ಯ. ಉಳಿದ ಜಾಗ ತಾನಾಗಿ ಉಳಿದದ್ದು. ಬಿಟ್ಟ ಜಾಗ ಒಬ್ಬರು ಬಿಟ್ಟದ್ದು. ಗದಗ, ಹುಬ್ಬಳ್ಳಿಯ ಹಳೆಯ ಪ್ರೆಸ್ಸುಗಳಲ್ಲೂ ಖಾಲಿ ಜಾಗ ಸುಮ್ನೆ ಬರುತ್ತಿರಲಿಲ್ಲ. ಮೊಳೆ (ಅಚ್ಚಿನ ಅಕ್ಷರದ ತುಂಡು) ಜೋಡಿಸುವವರು ಪದಗಳ ನಡುವೆ ಅಕ್ಷರವಿಲ್ಲದ ತುಂಡುಗಳನ್ನು ಕೈಯಿಂದಲೇ ಇಡಬೇಕಿತ್ತು. ಅವು ಅಕ್ಷರದ ಮೊಳೆಗಿಂತ ಗಿಡ್ಡ, ಹಾಗಾಗಿ ಶಾಯಿ ತಾಗುವುದಿಲ್ಲ.

ಹೀಗೆ ನೋಡಿದಾಗ ನನ್ನ ಕೈಯಲ್ಲಿ ಎರಡು ಪದ ಉಳಿದಿವೆ. ಒಂದು ‘ತೆರಪು’. ಇದು ಜಾಗಕ್ಕೂ ಆಗುತ್ತದೆ, ಸಮಯಕ್ಕೂ ಆಗುತ್ತದೆ. ಆದರೆ ಈಗ ಬರವಣಿಗೆಯಲ್ಲೇ ಹೆಚ್ಚು, ಬಾಯಲ್ಲಿ ಕಡಿಮೆ. ಇನ್ನೊಂದು ‘ಬಿಡುವು’. ಬಿಡು ಅನ್ನುವುದರಿಂದಲೇ ಬಂದದ್ದು, ಎಲ್ಲರ ಬಾಯಲ್ಲೂ ಇದೆ. ‘ಈ ಫೋಟೋದಲ್ಲಿ ಬಿಡುವು ಚೆನ್ನಾಗಿದೆ’ ಅಂದರೆ ನನ್ನ ಕಿವಿಗೆ ಒಪ್ಪುತ್ತದೆ. ನಿಮಗೆ? ‘ಇವತ್ತು ಬಿಡುವಿಲ್ಲ’ ಅನ್ನುವ ಅರ್ಥ ಅಡ್ಡ ಬರುತ್ತದೆಯೇ? ನಿಮ್ಮ ಊರಿನಲ್ಲಿ ಬಿಡುವು ಅನ್ನುವುದನ್ನು ಜಾಗಕ್ಕೆ ಬಳಸಿದ್ದು ಕೇಳಿದ್ದೀರಾ, ಎರಡು ಸಾಲಿನ ನಡುವೆ, ಎರಡು ಗಿಡದ ನಡುವೆ ಹೀಗೆ?

ಇನ್ನೊಂದು ಕೇಳುವುದಿದೆ. ಬೆಟಗೇರಿ ಕಡೆಯವರು ಇದ್ದರೆ ಹೇಳಿ: ಸೀರೆಯ ಒಡಲಿನಲ್ಲಿ ಬುಟ್ಟಾ ಹಾಕದೆ ಬಿಟ್ಟ ಭಾಗಕ್ಕೆ ಮಗ್ಗದವರು ಏನಂತಾರೆ? ಹಾಗೇ ಪ್ರೆಸ್ಸಿನಲ್ಲಿ ಮೊಳೆ ಜೋಡಿಸಿದವರ ಮನೆಯವರು ಇದ್ದರೆ, ಆ ಗಿಡ್ಡ ತುಂಡುಗಳಿಗೆ ಕನ್ನಡದ ಹೆಸರಿತ್ತೇ, ಅಥವಾ ಅವರೂ ‘ಸ್ಪೇಸ್’ ಅಂತಲೇ ಅನ್ನುತ್ತಿದ್ದರೇ?