45ನೇ ಭಾರತೀಯ ಪದಾತಿ ಬ್ರಿಗೇಡ್: ಮುವಾರ್‌ನಲ್ಲಿ ನಿಜಕ್ಕೂ ಏನಾಯ್ತು?

ಗೋಡೆಯಹೆಸರು:
ಕಳೆದ ತಿಂಗಳು ಸಿಂಗಾಪುರದ ಕ್ರಾಂಜಿ ಸ್ಮಾರಕಕ್ಕೆ ಹೋಗಿದ್ದೆ. ಸಮಾಧಿಯೂ ಸಿಗದ 24,000ಕ್ಕೂ ಹೆಚ್ಚು ಜನರ ಹೆಸರು ಅಲ್ಲಿನ ಗೋಡೆಗಳ ಮೇಲಿದೆ. ಜಾಟ್, ಗಢವಾಲ್, ರಜಪುತಾನಾ ರೈಫಲ್ಸ್ ಅಂತ ಒಂದೊಂದೇ ಸಾಲು ಓದುತ್ತಾ ನಿಂತುಬಿಟ್ಟೆ. ಬಂದ ಮೇಲೆ ಹುಡುಕಿದೆ. ಈ ಮೂರೂ ರೆಜಿಮೆಂಟಿನ ಒಂದೊಂದು ಬೆಟಾಲಿಯನ್ ಸೇರಿಸಿ 1941ರಲ್ಲಿ ಈ ಬ್ರಿಗೇಡ್ ಕಟ್ಟಿದ್ದರಂತೆ. 1942ರ ಜನವರಿ ಮುಗಿಯುವಷ್ಟರಲ್ಲಿ ಅದು ನುಚ್ಚುನೂರು. ಓದಿದ ಕಡೆಯೆಲ್ಲ ಒಂದೇ ಮಾತು: ಮಲಯದ (ಈಗಿನ ಮಲೇಷ್ಯಾ) ಮುವಾರ್ ನದಿಯ ಹತ್ತಿರ ಜಪಾನಿಗಳೆದುರು ಕುಸಿದುಬಿತ್ತು. ಅಷ್ಟೇನಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಹಳೇನಕ್ಷೆ:
ಅಷ್ಟೇ ಅಲ್ಲ ಸರ್. ಇವರನ್ನು ಮೊದಲು ಅಂದುಕೊಂಡಿದ್ದು ಮಧ್ಯಪ್ರಾಚ್ಯಕ್ಕೆ, ಕಾಡಿನ ಯುದ್ಧಕ್ಕಲ್ಲ. ಜನವರಿ 3ಕ್ಕೆ ಸಿಂಗಾಪುರದಲ್ಲಿ ಇಳಿದರು, 15ಕ್ಕೆ ಯುದ್ಧ. ನಡುವೆ ಬರೀ 12 ದಿನ! ಸೇನೆ ಬೇಗ ಬೇಗ ಬೆಳೀತಿದ್ದ ಕಾಲ ಅದು. ಪಳಗಿದ ಹವಾಲ್ದಾರರನ್ನೆಲ್ಲ ಹೊಸ ಹೊಸ ತುಕಡಿಗಳಿಗೆ ಕಳಿಸಿಬಿಟ್ಟಿದ್ದರು. ಉಳಿದವರಲ್ಲಿ ಮೀಸೆ ಮೂಡದ ಹುಡುಗರೇ ಜಾಸ್ತಿ.

ಇಂಥವರಿಗೆ ಕೊಟ್ಟಿದ್ದು ನದಿಯುದ್ದಕ್ಕೂ ಸುಮಾರು 40 ಕಿಲೋಮೀಟರ್ ಕಾವಲು. ಅದರ ಮೇಲೆ, ಮುಂದಿದ್ದ ಎರಡು ಬೆಟಾಲಿಯನ್‌ಗಳ ತಲಾ ಎರಡು ಕಂಪನಿಗಳನ್ನು ಆಚೆ ದಡದಲ್ಲಿ ನಿಲ್ಲಿಸಬೇಕು ಅಂತ ಮೇಲಿನ ಆಜ್ಞೆ. ಬೆನ್ನ ಹಿಂದೆ ನದಿ! ಎದುರಿಗೆ ಬಂದಿದ್ದು ಜಪಾನಿನ ಇಂಪೀರಿಯಲ್ ಗಾರ್ಡ್ಸ್ ಡಿವಿಷನ್. ಆ ರಾತ್ರಿಯೇ ಅವರು ನದಿ ದಾಟಿಬಿಟ್ಟರು.

ಮಲಯದ ಸೇನಾಪತಿ ಪರ್ಸಿವಲ್ ಕೂಡ ಆಮೇಲಿನ ವರದಿಯಲ್ಲಿ, ಈ ಬ್ರಿಗೇಡನ್ನು ಯುದ್ಧಕ್ಕೆ ಇಳಿಸುವ ಹಾಗೇ ಇರಲಿಲ್ಲ ಅಂತ ಒಪ್ಪಿಕೊಂಡಿದ್ದಾರೆ. ಹುಡುಗರಲ್ಲಿ ಕೊರತೆ ಇರಲಿಲ್ಲ, ಪಳಗಿರಲಿಲ್ಲ ಅನ್ನೋ ಅರ್ಥದಲ್ಲಿ. ಹಾಗಿದ್ದ ಮೇಲೆ ಹುಡುಗರನ್ನು ದೂರೋದು ನ್ಯಾಯವಾ?

ಬಕ್ರಿರಸ್ತೆ:
ಹಿಂದೆ ಸರಿಯುವ ದಾರಿಯಲ್ಲಿ ಸೇತುವೆ ಇದ್ದ ಹಳ್ಳಿ, ಪರಿತ್ ಸುಲೋಂಗ್ ಬಗ್ಗೆಯೂ ಹೇಳಬೇಕು. ನೆರವಿಗೆ ಬಂದ ಆಸ್ಟ್ರೇಲಿಯಾದ ಎರಡು ಬೆಟಾಲಿಯನ್ ಜೊತೆ ಇವರೂ ಮುವಾರ್ ಹತ್ತಿರದ ಬಕ್ರಿಯಿಂದ ಹಿಂದೆ ಸರಿದರು. ಬ್ರಿಗೇಡ್ ಮುಖ್ಯ ಕಚೇರಿ ಮೇಲೆ ಬಾಂಬ್ ಬಿದ್ದು ಸಿಬ್ಬಂದಿಯಲ್ಲಿ ಹೆಚ್ಚಿನವರು ಸತ್ತಿದ್ದರು. ಬ್ರಿಗೇಡಿಯರ್ ಡಂಕನ್ ಬಯೋನೆಟ್ ದಾಳಿಗೆ ತಾವೇ ಮುಂದೆ ನಿಂತು ಪ್ರಾಣ ಕೊಟ್ಟರು. ಆಸ್ಟ್ರೇಲಿಯಾದ ಕರ್ನಲ್ ಆಂಡರ್ಸನ್ ಎಲ್ಲರನ್ನೂ ನಡೆಸಿದರು. ಅವರಿಗೆ ವಿಕ್ಟೋರಿಯಾ ಕ್ರಾಸ್ ಸಿಕ್ಕಿತು.

ಪರಿತ್ ಸುಲೋಂಗ್ ಸೇತುವೆ ಆಗಲೇ ಜಪಾನಿಗಳ ಕೈಲಿತ್ತು. ಜನವರಿ 22ರಂದು ನಡೆಯಲಾಗದ ಗಾಯಾಳುಗಳನ್ನು ಅಲ್ಲೇ ಬಿಟ್ಟು ಉಳಿದವರು ಜೌಗು ನೆಲದಲ್ಲಿ ಚದುರಿಹೋದರು. ಹಾಗೆ ಅಲ್ಲೇ ಉಳಿದ ಗಾಯಾಳುಗಳು ಸುಮಾರು 150 ಜನ. ಹೆಚ್ಚುಕಡಿಮೆ ಎಲ್ಲರನ್ನೂ ಜಪಾನಿಗಳು ಕೊಂದರು. ಅವರಲ್ಲಿ ಭಾರತೀಯರೂ ಇದ್ದರು. ಇದನ್ನು ಹೇಳುವವರು ಆಸ್ಟ್ರೇಲಿಯನ್ನರ ಲೆಕ್ಕ ಕೊಟ್ಟು ನಿಲ್ಲಿಸ್ತಾರೆ. ನಂಗೆ ಅದು ಈಗಲೂ ಸಂಕಟ.

ಗೋಡೆಯಹೆಸರು:
ಇಬ್ಬರಿಗೂ ತುಂಬಾ ಧನ್ಯವಾದ. ಅಲ್ಲಿಂದ ತಪ್ಪಿಸಿಕೊಂಡು ಬ್ರಿಟಿಷರ ಕೈಲಿದ್ದ ಯೋಂಗ್ ಪೆಂಗ್ ಊರು ತಲುಪಿದ ಭಾರತೀಯರು ಎಷ್ಟು ಜನ?

ಹಳೇನಕ್ಷೆ:
ಸುಮಾರು 400. ಮೂರು ಬೆಟಾಲಿಯನ್ ಅಂದ್ರೆ ಎರಡು ಸಾವಿರ ದಾಟುತ್ತೆ, ಲೆಕ್ಕ ಹಾಕಿ. ಬ್ರಿಗೇಡನ್ನು ಮತ್ತೆ ಕಟ್ಟಲಿಲ್ಲ.

ಗೋಡೆಯಹೆಸರು:
ಜಾಟ್ ಹೆಸರುಗಳ ಮುಂದೆ ನಾನು ಜಾಸ್ತಿ ಹೊತ್ತು ನಿಲ್ಲಲಿಲ್ಲ. ಇನ್ನೊಮ್ಮೆ ಹೋದಾಗ ಅಲ್ಲಿಂದಲೇ ಶುರು ಮಾಡ್ತೀನಿ.